ಚುಕ್ಕಿಗಳಲ್ಲಿ ಸಿಡಿಲು ತುಂಬಿದವನು

1980ರ ಜನವರಿ 28. ತೆಹರಾನ್‌ನಲ್ಲಿ ಅಡಗಿ ಕುಳಿತಿದ್ದ ಆರು ಮಂದಿ ಅಮೆರಿಕನ್ ರಾಜತಾಂತ್ರಿಕರು ಸಿನಿಮಾದವರ ಸೋಗು ಹಾಕಿ, ವಿಮಾನ ಹತ್ತಿ ಪಾರಾದರು. ಅವರು ತೆಗೆಯಲು ಬಂದಿದ್ದೇವೆಂದ 'ಆರ್ಗೋ' ಎಂಬ ಸಿನಿಮಾ ಹುಸಿ. ಆದರೆ ಅದಕ್ಕೆ ಬಳಸಿದ ಚಿತ್ರಗಳು ಮಾತ್ರ ಅಪ್ಪಟ ನಿಜ! ಅರ್ಧಕ್ಕೆ ನಿಂತುಹೋಗಿದ್ದ ಬೇರೊಂದು ಸಿನಿಮಾದ ಚಿತ್ರಕಥೆಯನ್ನೂ ಅದರ ರೇಖಾಚಿತ್ರಗಳನ್ನೂ ಸಿ.ಐ.ಎ. ಎತ್ತಿಕೊಂಡು ಹೆಸರು ಬದಲಿಸಿತ್ತು. ಆ ಸಿನಿಮಾಕ್ಕೆ ಆಧಾರ ರೋಜರ್ ಝೆಲಾಜ್ನಿಯ 1967ರ ಕಾದಂಬರಿ 'ಲಾರ್ಡ್ ಆಫ್ ಲೈಟ್'. ಅದರ ಪಾತ್ರಗಳು ಯಾರು ಗೊತ್ತೇ? ಬ್ರಹ್ಮ, ಯಮ, ಅಗ್ನಿ, ಕಾಳಿ! ದೂರದ ಗ್ರಹವೊಂದರಲ್ಲಿ ನಮ್ಮ ದೇವತೆಗಳ ಹೆಸರಿಟ್ಟುಕೊಂಡು ಯಂತ್ರಬಲದಿಂದ ಮೆರೆಯುವ ಮನುಷ್ಯರು. ಆ ರೇಖಾಚಿತ್ರಗಳಲ್ಲಿ ಅವರಿಗೆ ದೇವಲೋಕ ಕಟ್ಟಿಕೊಟ್ಟ ಕೈ ಜಾಕ್ ಕಿರ್ಬಿಯದು.

ಯಾವ ಕಿರ್ಬಿ? ಕಾಮಿಕ್ಸ್ ಲೋಕದ ಹಲ್ಕ್, ಥಾರ್, ಎಕ್ಸ್-ಮೆನ್, ಬ್ಲ್ಯಾಕ್ ಪ್ಯಾಂಥರ್‌ಗಳಿಗೆ ಮೊದಲು ಮೈ ಕೊಟ್ಟ ಕಿರ್ಬಿ.

1917ರಲ್ಲಿ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನ ಇಕ್ಕಟ್ಟಿನ ಓಣಿಗಳಲ್ಲಿ, ವಲಸೆ ಬಂದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಈತನ ಮೂಲ ಹೆಸರು ಜೇಕಬ್ ಕರ್ಟ್ಸ್‌ಬರ್ಗ್. ಅಪ್ಪ ಬಟ್ಟೆ ಕಾರ್ಖಾನೆಯ ಕಾರ್ಮಿಕ. ಹುಡುಗ ಫ್ಲೈಷರ್ ಸ್ಟುಡಿಯೋದಲ್ಲಿ ಪಪಾಯ್ ಕಾರ್ಟೂನಿಗೆ ಚಿತ್ರ ಬರೆದ. ಅದೂ ಅಪ್ಪನ ಕಾರ್ಖಾನೆಯಂತೆಯೇ ಕಂಡು ಬಿಟ್ಟುಬಂದ. ಜೋ ಸೈಮನ್ ಜೊತೆ ಸೇರಿ ಕ್ಯಾಪ್ಟನ್ ಅಮೆರಿಕವನ್ನು ಹುಟ್ಟಿಸಿದ. 1940ರ ಡಿಸೆಂಬರಿನಲ್ಲಿ ಅಂಗಡಿಗೆ ಬಂದ ಮೊದಲ ಸಂಚಿಕೆಯ ಮುಖಪುಟ ನೋಡಿ: ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ! ಅಮೆರಿಕ ಯುದ್ಧಕ್ಕಿಳಿಯಲು ಇನ್ನೂ ಒಂದು ವರ್ಷವಿತ್ತು. ಆಮೇಲೆ ಕಿರ್ಬಿಯೇ ಸೈನಿಕನಾಗಿ ಫ್ರಾನ್ಸಿಗೆ ಹೋದ. ಚಿತ್ರಗಾರನೆಂದು ಗುರುತು ಹಿಡಿದ ಅಧಿಕಾರಿಯೊಬ್ಬ ತನ್ನನ್ನು ಶತ್ರುಗಳ ಕಡೆಗೆ ಮುಂದಾಗಿ ಕಳಿಸಿ ನಕ್ಷೆ ಬರೆಸುತ್ತಿದ್ದನೆಂದು ಅವನೇ ಹೇಳಿಕೊಂಡಿದ್ದಾನೆ.

ಈಗ ಅವನ ಕಾಮಿಕ್ಸ್ ಪುಟಗಳಿಗೆ ಬನ್ನಿ. ಅಬ್ಬಾ! ಅವನ ವೀರನ ಮುಷ್ಟಿ ಮುಖಕ್ಕಿಂತ ದೊಡ್ಡದು, ಏಕೆಂದರೆ ಅದು ಚೌಕಟ್ಟಿನೊಳಗೆ ನಿಂತಿಲ್ಲ, ನಮ್ಮ ಮೂಗಿನತ್ತಲೇ ಬರುತ್ತಿದೆ. ಬೆರಳ ತುದಿಗಳು ಚೌಕ. ತೋಳಿನ ಮಾಂಸಖಂಡದ ಮೇಲೂ ಲೋಹದ ಕವಚದ ಮೇಲೂ ಅದೇ ಅಂಕುಡೊಂಕು ಕಪ್ಪು ಗೆರೆ. ಅಂಗರಚನಾಶಾಸ್ತ್ರದ ಮೇಷ್ಟರು ನೋಡಿದರೆ ಕೆಂಪು ಶಾಯಿ ಸುರಿಯುತ್ತಾರೆ, ನಿಜ. ಆದರೆ ಅವನಿಗೆ ಬೇಕಿದ್ದದ್ದು ಮೈಯ ಅಳತೆಯಲ್ಲ, ಹೊಡೆತದ ವೇಗ.

ಇನ್ನು ಆ ಚುಕ್ಕಿಗಳು! 'ಕಿರ್ಬಿ ಕ್ರ್ಯಾಕಲ್' ಎಂದು ಅಭಿಮಾನಿಗಳು ಕರೆಯುವ, ಒಗ್ಗರಣೆಯ ಸಾಸಿವೆಯಂತೆ ಸಿಡಿದು ಗುಂಪುಗೂಡಿದ ಕಪ್ಪು ಉಂಡೆಗಳು. ಶಕ್ತಿ ಇರುವುದು ಉಂಡೆಯಲ್ಲಲ್ಲ, ಅವುಗಳ ನಡುವೆ ಉಳಿದ ಖಾಲಿ ಜಾಗದಲ್ಲಿ. ಕಪ್ಪು ಒತ್ತರಿಸಿದಷ್ಟೂ ಆ ಜಾಗ ಧಗಧಗಿಸುತ್ತದೆ. ಅಗ್ಗದ ನ್ಯೂಸ್‌ಪ್ರಿಂಟಿನಲ್ಲಿ, ಮಸುಕು ಬಣ್ಣದಲ್ಲಿ, ಕಣ್ಣಿಗೆ ಕಾಣದ ಬ್ರಹ್ಮಾಂಡದ ಬಲವನ್ನು ಬರಿಯ ಕಪ್ಪು ಶಾಯಿಯಿಂದ ಕಾಣಿಸಿಬಿಟ್ಟ! ಅದೂ ಸಾಲದೆ ಪತ್ರಿಕೆಗಳ ಫೋಟೋ ಕತ್ತರಿಸಿ ಅಂಟಿಸಿ, ಅದರ ಮೇಲೆ ಪಾತ್ರಗಳನ್ನು ತೇಲಿಬಿಟ್ಟ.

ಈ ಲೋಕಗಳು ಹುಟ್ಟಿದ ಜಾಗ ಯಾವುದು? ಲಾಂಗ್ ಐಲೆಂಡಿನ ಮನೆಯ ನೆಲಮಾಳಿಗೆ. ಅವನೇ ಅದನ್ನು ಕತ್ತಲಕೋಣೆ ಎನ್ನುತ್ತಿದ್ದ. ಮಾರ್ವೆಲ್ ಕಾಮಿಕ್ಸ್‌ನ ಸಂಪಾದಕ ಸ್ಟಾನ್ ಲೀ ಜೊತೆ ಕಥೆಯ ಎಳೆಯೊಂದನ್ನು ಮಾತಾಡಿಕೊಂಡರೆ ಸಾಕು, ದೃಶ್ಯ, ತಿರುವು, ಓಟ ಎಲ್ಲವನ್ನೂ ಕಿರ್ಬಿ ಪೆನ್ಸಿಲಿನಲ್ಲೇ ಕಟ್ಟುತ್ತಿದ್ದ. ಲೀ ಆಮೇಲೆ ಮಾತು ತುಂಬುತ್ತಿದ್ದ. 1966ರ ಸಂಚಿಕೆಗಳಿಗಾಗಿ ಗ್ರಹಗಳನ್ನೇ ನುಂಗುವ ಗ್ಯಾಲಾಕ್ಟಸ್‌ನ ಕಥೆಯ ಪುಟಗಳು ಬಂದಾಗ ಅಲೆಹಲಗೆ ಏರಿದ ಬೆಳ್ಳಿಮೈಯವನೊಬ್ಬ ಆಕಾಶದಲ್ಲಿ ಹಾರುತ್ತಿದ್ದಾನೆ! ಲೀಗೆ ಅವನ ಸುಳಿವೇ ಇರಲಿಲ್ಲ. ಅಷ್ಟು ದೊಡ್ಡವನಿಗೆ ಮುಂದೆ ಸಾರುವ ದೂತನೊಬ್ಬ ಬೇಡವೇ ಎಂದುಕೊಂಡು ಕಿರ್ಬಿ ತಾನೇ ಸೇರಿಸಿದ್ದ. ಸಿಲ್ವರ್ ಸರ್ಫರ್ ಹುಟ್ಟಿದ್ದು ಹೀಗೆ. ಇಂಥವನನ್ನು ಬರಿಯ ಚಿತ್ರಗಾರ ಎನ್ನುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

1970ರಲ್ಲಿ ಡಿ.ಸಿ. ಕಾಮಿಕ್ಸ್ ಕಂಪನಿಗೆ ಹೋಗಿ ಬರೆದ 'ನ್ಯೂ ಗಾಡ್ಸ್' ಬೇಗ ನಿಂತಿತು, ಅದರ ಖಳ ಡಾರ್ಕ್‌ಸೈಡ್ ಮಾತ್ರ ಇಂದಿಗೂ ಸತ್ತಿಲ್ಲ. ತಾನೇ ಬರೆದ ಮೂಲಪುಟಗಳಿಗಾಗಿ ಕಿರ್ಬಿ ಮಾರ್ವೆಲ್ ಜೊತೆ ವರ್ಷಗಟ್ಟಲೆ ಗುದ್ದಾಡಿದ. 1987ರಲ್ಲಿ ಕೈಸೇರಿದ್ದು ಸುಮಾರು ಎರಡು ಸಾವಿರ, ಬರೆದದ್ದರ ಸಣ್ಣ ಪಾಲು. 1994ರಲ್ಲಿ ತೀರಿಕೊಂಡ. ಅವನ ಮಕ್ಕಳಿಗೂ ಮಾರ್ವೆಲ್‌ಗೂ ರಾಜಿಯಾಗಲು 2014 ಬರಬೇಕಾಯಿತು.

ಆ ಗ್ಯಾಲಾಕ್ಟಸ್ ಕಥೆ ಇರುವ 'ಫೆಂಟಾಸ್ಟಿಕ್ ಫೋರ್' 48, 49, 50ನೇ ಸಂಚಿಕೆಗಳು ಎಲ್ಲಾದರೂ ಸಿಕ್ಕರೆ ಮೊದಲ ಸುತ್ತಿನಲ್ಲಿ ಮಾತಿನ ಗುಳ್ಳೆಗಳನ್ನು ಬಿಟ್ಟುಬಿಡಿ, ಬರೀ ಚಿತ್ರ ನೋಡಿ. ಕಥೆ ಹೇಳಿದವರು ಯಾರೆಂದು ನೀವೇ ತೀರ್ಮಾನಿಸಿ.