ಛಾಯಾಚಿತ್ರದ ಸಂಪಾದನೆ ಮತ್ತು ವಿನ್ಯಾಸಕಾರನ ಅಂಕಿತ

‘ಸಂಪಾದನೆ’ ಎಂಬ ಪದಕ್ಕೆ ರೂಢಿಯಲ್ಲಿ ಗಳಿಕೆ ಎಂದರ್ಥ. ‘ಶೂನ್ಯಸಂಪಾದನೆ’ಯಲ್ಲಿ ಅದು ಪರಮಾರ್ಥದ ಸಾಧನೆಯನ್ನು ಸೂಚಿಸುತ್ತದೆ. ತಾಳೆಗರಿಯ ಗ್ರಂಥಗಳನ್ನು ಪರಿಶೋಧಿಸಿ ಅಚ್ಚಿಗೆ ಅಣಿಗೊಳಿಸುವ ವಿದ್ವಾಂಸರ ಕಾರ್ಯಕ್ಕೂ ಅದೇ ಹೆಸರು. ಇತ್ತೀಚೆಗೆ ಇದಕ್ಕೆ ಮತ್ತೊಂದು ಅರ್ಥವೂ ಕೂಡಿಕೊಂಡಿದೆ. ಗಣಕಯಂತ್ರದಲ್ಲಿ ಛಾಯಾಚಿತ್ರವನ್ನು ತಿದ್ದಿ ಹಸನುಗೊಳಿಸುವ ವಿದ್ಯೆಯನ್ನೂ ಈಗ ಸಂಪಾದನೆಯೆಂದೇ ಕರೆಯುತ್ತಾರೆ. ಈ ಹೆಸರು ಆ ವಿದ್ಯೆಗೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ವಿಚಾರಿಸುವ ಪ್ರಸಂಗವು ಈ ಸಂಪುಟದ ಸಿದ್ಧತೆಯ ಸಂದರ್ಭದಲ್ಲಿಯೇ ಒದಗಿತು.

ನಮ್ಮ ಪ್ರೌಢಶಾಲೆಯಲ್ಲಿ ಓದಿ, ಈಗ ಬೆಂಗಳೂರಿನಲ್ಲಿ ವಿನ್ಯಾಸ ಕಲೆಯನ್ನು ಅಭ್ಯಸಿಸುತ್ತಿರುವ ವಿದ್ಯಾರ್ಥಿಯೊಬ್ಬನು ಸಂಪುಟದ ಹಳೆಯ ಚಿತ್ರಗಳನ್ನು ಸರಿಪಡಿಸಿಕೊಡಲು ತಾನಾಗಿಯೇ ಮುಂದೆ ಬಂದನು. ಅವುಗಳಲ್ಲಿ ಪ್ರಸಾದ ನಿಲಯದ ಬಾಲಕರ ಸಮೂಹ ಚಿತ್ರವೂ ಒಂದು. ಚಿತ್ರ ಮಾಸಿತ್ತು, ಅಲ್ಲಲ್ಲಿ ಗೀರು ಬಿದ್ದಿತ್ತು. ಹಿಂದಿನ ಸಾಲಿನ ಒಬ್ಬ ಬಾಲಕನ ಮುಖವಿದ್ದ ಭಾಗವನ್ನು ಹುಳು ತಿಂದುಹಾಕಿತ್ತು.

ಚಿತ್ರವನ್ನು ತಿದ್ದುವ ಕ್ರಮವು ಕುತೂಹಲಕರವಾಗಿದೆ. ಗಣಕಯಂತ್ರಕ್ಕೆ ಛಾಯಾಚಿತ್ರವೆಂದರೆ ಚುಕ್ಕೆಗಳ ಒಂದು ದೊಡ್ಡ ಜಾಲ. ಕಪ್ಪು ಬಿಳುಪಿನ ಚಿತ್ರದಲ್ಲಿ ಸಾಮಾನ್ಯವಾಗಿ ಪ್ರತಿ ಚುಕ್ಕೆಗೂ 0ಯಿಂದ 255ರವರೆಗಿನ ಒಂದು ಅಂಕೆ ಇರುತ್ತದೆ. 0 ಎಂದರೆ ಅಚ್ಚಗಪ್ಪು, 255 ಎಂದರೆ ಅಚ್ಚಬಿಳುಪು. ಮಾಸಿದ ಚಿತ್ರದಲ್ಲಿ ಅಂಕೆಗಳೆಲ್ಲವೂ ನಡುವೆಯೇ, 80ರಿಂದ 190ರೊಳಗೆ ಎನ್ನೋಣ, ಗುಂಪುಗೂಡಿರುತ್ತವೆ. ಅವನ್ನು ಎರಡೂ ತುದಿಗಳತ್ತ ಹಿಗ್ಗಿಸಿದೊಡನೆ ಚಿತ್ರಕ್ಕೆ ಕಳೆ ಬರುತ್ತದೆ. ಇಲ್ಲಿ ಹೊಸದಾಗಿ ಸೇರಿದ್ದು ಏನೂ ಇಲ್ಲ. ಇದ್ದುದೇ ಎದ್ದು ಕಾಣುತ್ತದೆ. ಗೀರುಗಳನ್ನು ಪಕ್ಕದ ಚುಕ್ಕೆಗಳ ನಕಲಿನಿಂದ ಮುಚ್ಚುತ್ತಾರೆ. ಗೋಡೆಯ ಮೇಲಿನ ಗೀರಿಗೆ ಗೋಡೆಯ ಚುಕ್ಕೆಗಳನ್ನೇ ತುಂಬುವುದರಲ್ಲಿ ದೋಷವಿಲ್ಲ.

ಈ ತಿದ್ದುಪಡಿಗಳನ್ನು ಮೂಲದ ಮೇಲೆಯೇ ಮಾಡುವುದಿಲ್ಲ. ಪಾರದರ್ಶಕವಾದ ಹಾಳೆಯನ್ನು ಹಾಸಿದಂತೆ ಅದರ ಮೇಲೊಂದು ಪದರವನ್ನಿಟ್ಟು, ಆ ಪದರದಲ್ಲಿ ತಿದ್ದುತ್ತಾರೆ. ಇದಕ್ಕೆ ‘ಲೇಯರ್’ ಎಂದು ಹೆಸರು. ಬೇಡವೆನಿಸಿದಾಗ ಪದರವನ್ನು ತೆಗೆದರೆ ಮೂಲವು ಇದ್ದಂತೆಯೇ ದೊರೆಯುತ್ತದೆ. ಮೂಲಪಾಠವನ್ನು ಕೆಡಿಸದೆ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವ ಗ್ರಂಥಸಂಪಾದಕನ ಶಿಸ್ತು ಇದಕ್ಕಿಂತ ಬೇರೆಯಲ್ಲ. ಅಡೋಬಿ ಸಂಸ್ಥೆಯು 1990ರಲ್ಲಿ ಹೊರತಂದ ಫೋಟೋಶಾಪ್ ಈ ಕೆಲಸಕ್ಕೆ ಪ್ರಸಿದ್ಧವಾದ ಸಾಧನ. ಅದಕ್ಕೆ ಹಣ ತೆರಬೇಕು. ಗಿಂಪ್ ಎಂಬ ಸಾಧನವು ಉಚಿತವಾಗಿಯೇ ದೊರೆಯುತ್ತದೆ. ಅದನ್ನು ಮೊದಲು ರಚಿಸಿದವರು ಅಮೆರಿಕದ ಬರ್ಕಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು. ನಮ್ಮಂತಹ ಶಾಲೆಗಳಿಗೆ ಇದು ಸಾಕು.

ತೊಡಕು ಬಂದದ್ದು ಆ ಬಾಲಕನ ಮುಖದಲ್ಲಿ. 2023ರಿಂದೀಚೆಗೆ ಫೋಟೋಶಾಪಿನಲ್ಲಿಯೇ ಕೃತಕ ಬುದ್ಧಿಮತ್ತೆಯ ಸೌಲಭ್ಯ ಸೇರಿದೆ. ಖಾಲಿ ಜಾಗವನ್ನು ಗುರುತಿಸಿ ಅಪ್ಪಣೆ ಕೊಟ್ಟರೆ ಕ್ಷಣಾರ್ಧದಲ್ಲಿ ಅಲ್ಲೊಂದು ಮುಖ ಮೂಡುತ್ತದೆ. ಕಣ್ಣು, ಮೂಗು, ಹಣೆಯ ವಿಭೂತಿ, ಯಾವುದಕ್ಕೂ ಕೊರತೆಯಿರುವುದಿಲ್ಲ. ಆದರೆ ಆ ಮುಖ ಯಾರದು? ಎಲ್ಲಿಯೂ ಹುಟ್ಟದ ಒಬ್ಬನದು. ನಾಳೆ ಯಾವುದೋ ಮನೆಯಲ್ಲಿ ಈ ಸಂಪುಟವನ್ನು ತೆರೆದು, ‘ನೋಡು, ನಮ್ಮ ಅಜ್ಜ’ ಎಂದು ಮಕ್ಕಳಿಗೆ ಅದನ್ನೇ ತೋರಿಸಿದರೆ? ಗರಿ ಮುರಿದು ಅಕ್ಷರಲೋಪವಾದ ಎಡೆಯಲ್ಲಿ ಸಂಪಾದಕನು ಚುಕ್ಕೆಗಳನ್ನಿಟ್ಟು ಮುಂದೆ ಸಾಗುತ್ತಾನೆ. ಊಹಿಸಿದ ಪಾಠವನ್ನು ಕಂಸದಲ್ಲಿಟ್ಟು ಊಹೆಯೆಂದೇ ತಿಳಿಸುತ್ತಾನೆ. ವಚನಪಿತಾಮಹ ಡಾ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಗರಿಯಲ್ಲಿಲ್ಲದ ಮಾತನ್ನು ಸುಂದರವಾಗಿದೆಯೆಂದು ಸೇರಿಸುವ ಪದ್ಧತಿಯಿದ್ದಿದ್ದರೆ ನಾವಿಂದು ಯಾವ ವಚನವನ್ನು ನಂಬಬಹುದಾಗಿತ್ತು? ಆ ಜಾಗವು ಖಾಲಿಯಾಗಿಯೇ ಇರಲಿ ಎಂದು ವಿದ್ಯಾರ್ಥಿಗೆ ಹೇಳಿದೆನು. ಅವನೂ ಒಪ್ಪಿದನು.

ಅವನಿಗೆ ಇನ್ನೊಂದು ಅಭ್ಯಾಸವನ್ನೂ ಕಾಲೇಜಿನಲ್ಲಿ ಕೊಟ್ಟಿದ್ದರು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದೇ ಆದ ಒಂದು ಲಾಂಛನವನ್ನು, ಅವರ ಮಾತಿನಲ್ಲಿ ‘ಲೋಗೋ’ವನ್ನು, ರೂಪಿಸಿಕೊಳ್ಳಬೇಕು. ಇದು ಬರಿಯ ಆಡಂಬರವೆಂದು ನಮ್ಮ ಅಧ್ಯಾಪಕ ಮಿತ್ರರಲ್ಲಿ ಕೆಲವರು ನಕ್ಕರು. ನನಗೆ ಹಾಗೆನ್ನಿಸುವುದಿಲ್ಲ. ವಚನಕಾರರ ಅಂಕಿತವು ಮತ್ತೇನು? ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಗುಹೇಶ್ವರ ಎಂದೊಡನೆ ಅಲ್ಲಮಪ್ರಭುಗಳು ನಮ್ಮ ಮುಂದೆ ನಿಲ್ಲುತ್ತಾರೆ. ಬಹುತೇಕ ಶರಣರು ಇಷ್ಟದೈವದ ಹೆಸರನ್ನಿಟ್ಟುಕೊಂಡರು. ಅಂಬಿಗರ ಚೌಡಯ್ಯನವರಾದರೋ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡ ಎದೆಗಾರರು. ಅಂಕಿತದ ಗೌರವವೆಷ್ಟೆಂಬುದಕ್ಕೆ ನಮ್ಮ ಕಾಲದ ನಿದರ್ಶನವೂ ಇದೆ. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚುಮಾಡಿದ ಪುಸ್ತಕವೊಂದನ್ನು ರಾಜ್ಯ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು.

ಲಾಂಛನವನ್ನು ಛಾಯಾಚಿತ್ರದಂತೆ ಚುಕ್ಕೆಗಳಿಂದ ಕಟ್ಟುವುದಿಲ್ಲ. ಬಿಂದುಗಳನ್ನೂ ಅವುಗಳ ನಡುವಣ ವಕ್ರರೇಖೆಗಳನ್ನೂ ಗಣಿತದ ಲೆಕ್ಕದಲ್ಲಿ ಉಳಿಸಿಡುತ್ತಾರೆ. ಆದಕಾರಣ ಚೀಟಿಯ ಮೂಲೆಯಿಂದ ಹೆಬ್ಬಾಗಿಲ ಫಲಕದವರೆಗೆ ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗದು. ರೇಖೆಗಳು ಕಡಿಮೆಯಿದ್ದಷ್ಟೂ ನೆನಪಿನಲ್ಲಿ ನಿಲ್ಲುತ್ತವೆ. 2010ರಲ್ಲಿ ಕೇಂದ್ರ ಸರ್ಕಾರವು ಅಂಗೀಕರಿಸಿದ, ಡಿ. ಉದಯಕುಮಾರ್ ರಚಿಸಿದ ರೂಪಾಯಿಯ ಚಿಹ್ನೆಯನ್ನು ನೋಡಿರಿ: ನಾಗರಿಯ ರಕಾರ, ಅದಕ್ಕೊಂದು ಅಡ್ಡಗೆರೆ, ಅಷ್ಟೇ.

ನಮ್ಮ ವಿದ್ಯಾರ್ಥಿಯ ಹೆಸರಿನ ಮೊದಲಕ್ಷರ ಧಕಾರ. ಅದನ್ನೇ ದುಂಡಗೆ ತಿದ್ದಿ ವೃತ್ತದೊಳಗೆ ಕೂರಿಸಿದ್ದನು. ದೊಡ್ಡದಾಗಿ ನೋಡಲು ಸೊಗಸಾಗಿಯೇ ಇತ್ತು. ಅರ್ಧ ಅಂಗುಲಕ್ಕೆ ಇಳಿಸಿದಾಗ ಅಕ್ಷರದಡಿಯ ಸೀಳು ಮಸಿಯಲ್ಲಿ ಮುಚ್ಚಿಹೋಗಿ ಧಕಾರವು ದಕಾರವಾಯಿತು. ಮಹಾಪ್ರಾಣ ಹೋದರೆ ಧನವೆಲ್ಲ ದನವಾಗುತ್ತದೆಂದು ನಾನೆಂದಾಗ ಅವನು ನಕ್ಕು, ಚಿಕ್ಕ ಅಳತೆಗಾಗಿ ಸೀಳನ್ನು ಅಗಲಿಸಿ ಬೇರೊಂದು ರೂಪವನ್ನು ಸಿದ್ಧಪಡಿಸಿದನು. ರೋಮನ್ ಲಿಪಿಯನ್ನು ಅನುಸರಿಸಿ ಬರೆದ ಪಾಠಪುಸ್ತಕಗಳಲ್ಲಿ ಇಂತಹ ಸೂಕ್ಷ್ಮಗಳು ಸಿಗಲಾರವು. ಕನ್ನಡದ ಅಧ್ಯಾಪಕನಿಗೂ ಈ ವಿದ್ಯೆಯಲ್ಲಿ ಕೆಲಸವುಂಟು.

ಈ ಸಂಪುಟದ ಹೊದಿಕೆಯ ವಿನ್ಯಾಸ ಅವನದೇ. ಅದರ ಮೂಲೆಯಲ್ಲಿ ಆ ಅಂಕಿತವಿದೆ. ಸಮೂಹ ಚಿತ್ರದಲ್ಲಿ ಅದಿಲ್ಲ, ಏಕೆಂದರೆ ಅಲ್ಲಿ ಅವನು ಸಂಪಾದಕನೇ ಹೊರತು ಕರ್ತೃವಲ್ಲ. ಗೀರುಗಳನ್ನು ಮುಚ್ಚಿ ಬೆಳಕನ್ನು ಹೊಂದಿಸಲಾಗಿದೆಯೆಂದು ಚಿತ್ರದಡಿಯಲ್ಲಿ ಒಂದು ಸಾಲು ಮಾತ್ರ ಅಚ್ಚಾಗಿದೆ. ಹಿಂದಿನ ಸಾಲಿನ ಆ ಜಾಗವು ಬಿಳಿಯಾಗಿಯೇ ಇದೆ. ಇದೇ ಚಿತ್ರದ ಮತ್ತೊಂದು ಪ್ರತಿಯು ಹಳೆಯ ವಿದ್ಯಾರ್ಥಿಗಳ ಯಾರ ಮನೆಯಲ್ಲಾದರೂ ಇದ್ದಲ್ಲಿ ದಯವಿಟ್ಟು ಶಾಲೆಯ ಕಾರ್ಯಾಲಯಕ್ಕೆ ತಿಳಿಸಬೇಕು. ಅದನ್ನು ಚೌಕಟ್ಟಿನಿಂದ ತಾವೇ ಬಿಡಿಸಲು ಹೋಗಬಾರದು. ಗಾಜಿಗೆ ಅಂಟಿಕೊಂಡಿದ್ದ ಪಕ್ಷದಲ್ಲಿ ಚಿತ್ರದ ಮೇಲ್ಪದರವೇ ಕಿತ್ತುಬರುತ್ತದೆ. ಚೌಕಟ್ಟಿನ ಸಮೇತ ತಂದರೆ ಗಾಜಿನ ಮೇಲಿನಿಂದಲೇ ಪ್ರತಿ ತೆಗೆದು, ಆ ದಿನವೇ ಹಿಂದಿರುಗಿಸಲಾಗುವುದು.