ಮೋಟಿಗೆ ಡಾಂಬರು ಬಳಿಯಬೇಕೆ?

ಮದಲೂರಿನ ಓದುಗರೊಬ್ಬರ ಪ್ರಶ್ನೆ: ‘ಗಾಳಿಗೆ ಹುಣಿಸೆಮರದ ದಪ್ಪ ಕೊಂಬೆ ಮುರಿದುಬಿತ್ತು. ಉಳಿದ ಮೋಟನ್ನು ಕುಯ್ಸಿ ಡಾಂಬರು ಬಳೀಬೇಕೋ, ಸಗಣಿ ಮೆತ್ತಬೇಕೋ?’

ಎರಡೂ ಬೇಡ.

ಸಗಣಿಯ ಉಪಚಾರ ನಮ್ಮವರದೊಂದೇ ಅಲ್ಲ. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜನ ತೋಟ ನೋಡಿಕೊಳ್ಳುತ್ತಿದ್ದ ವಿಲಿಯಂ ಫಾರ್ಸಿತ್ ಎಂಬಾತ ಹಸಿ ಸಗಣಿ, ಹಳೇ ಗೋಡೆಯ ಸುಣ್ಣ, ಕಟ್ಟಿಗೆ ಬೂದಿ, ಮರಳು ಕಲಸಿ ಮರಗಳಿಗೊಂದು ಲೇಪ ಮಾಡಿದ. ಟೊಳ್ಳಾದ ಮರವೂ ಇದರಿಂದ ಮತ್ತೆ ಗಟ್ಟಿಯಾಗುತ್ತದೆ ಎಂದು 1791ರಲ್ಲಿ ಪುಸ್ತಕ ಬರೆದ. ಯುದ್ಧದ ಹಡಗುಗಳಿಗೆ ಓಕ್ ಮರ ಬೇಕಿದ್ದ ಕಾಲ. ಪಾರ್ಲಿಮೆಂಟು ನಂಬಿ ಹಣವನ್ನೂ ಕೊಟ್ಟಿತು! ಥಾಮಸ್ ಆಂಡ್ರ್ಯೂ ನೈಟ್ ಎಂಬ ಸಸ್ಯವಿಜ್ಞಾನಿ ಮಾತ್ರ ಇದೆಲ್ಲ ಬೊಗಳೆ ಎಂದು ಜಗಳ ತೆಗೆದ. ಜಗಳ ಮರೆತುಹೋಯಿತು, ಲೇಪ ಬಳಿಯುವ ಚಾಳಿ ಉಳಿಯಿತು. ಸಗಣಿಯ ಜಾಗಕ್ಕೆ ಡಾಂಬರು, ಪೇಂಟು ಬಂದವು.

ಒಳಗೆ ಏನು ನಡೆಯುತ್ತದೆಂದು ಕುಯ್ದೇ ನೋಡಿದವನು ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೊ. ಯಂತ್ರದ ಗರಗಸ ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿದ. ಕಂಡದ್ದು ಇಷ್ಟು: ನಮ್ಮ ಚರ್ಮದ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಮರ ಅದನ್ನು ಬದು ಹಾಕಿ ಬೇರೆ ಮಾಡುತ್ತದೆ.

ಇಳಿಜಾರಿನ ಶೇಂಗಾ ಹೊಲ ನೆನೆಯಿರಿ. ಮಳೆನೀರು ಒಂದು ತಾಕಿಗೆ ನುಗ್ಗಿದರೆ ಬದು ಅದನ್ನು ಅಲ್ಲೇ ತಡೆಯುತ್ತದೆ. ಆ ತಾಕು ಹೋದರೂ ಹೊಲ ಉಳಿಯುತ್ತದೆ. 1977ರಲ್ಲಿ ಶೈಗೊ ಮತ್ತು ಹೆರಾಲ್ಡ್ ಮಾರ್ಕ್ಸ್ ಮರದೊಳಗೆ ಇಂಥ ನಾಲ್ಕು ಬದುಗಳನ್ನು ವಿವರಿಸಿದರು. ನೀರಿನ ನಾಳಗಳಿಗೆ ಮೇಲೂ ಕೆಳಗೂ ಬೀಳುವ ಬಿರಡೆ ಮೊದಲನೆಯದು, ಎಲ್ಲಕ್ಕಿಂತ ದುರ್ಬಲ. ಕೊಳೆತ ಉದ್ದುದ್ದಕ್ಕೆ ಓಡುವುದು ಅದಕ್ಕೇ. ಎರಡನೆಯದು ಒಳಮುಖಕ್ಕೆ, ಮೂರನೆಯದು ಅಕ್ಕಪಕ್ಕಕ್ಕೆ. ನಾಲ್ಕನೆಯದು ಕೆರೆ ಏರಿಯಷ್ಟು ಭದ್ರ: ಗಾಯವಾದ ಮೇಲೆ ಬೆಳೆಯುವ ಹೊಸ ಕಟ್ಟಿಗೆಗೆ ಹಳೆಯ ಕೊಳೆತ ದಾಟದಂತೆ ತಡೆಯುತ್ತದೆ. ನಡುವೆಲ್ಲ ಪೊಟರೆಯಾದ ಮುದಿ ಹುಣಿಸೆ ಈಗಲೂ ಕಾಯಿ ಕಚ್ಚುವುದರ ಗುಟ್ಟು ಇದೇ.

ಡಾಂಬರು ಈ ಯಾವ ಬದುವನ್ನೂ ಗಟ್ಟಿ ಮಾಡದು. ಬಿಸಿಲಿಗೆ ಬಿರುಕು ಬಿಟ್ಟು, ಸಂದಿಯಲ್ಲಿ ತೇವ ಹಿಡಿದು ಶಿಲೀಂಧ್ರಕ್ಕೆ ಮನೆಯಾಗುತ್ತದೆ, ಅಷ್ಟೆ.

ಬೇಕಿರುವುದು ಸರಿಯಾದ ಕುಯ್ತ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ತೊಗಟೆ ಸುಕ್ಕುಗಟ್ಟಿ ಉಬ್ಬಿರುತ್ತದಲ್ಲ, ಮರದ ಕಾವಲು ಇರುವುದು ಅಲ್ಲಿ. ಅಂದವಾಗಿ ಕಾಣಲೆಂದು ಕಾಂಡಕ್ಕೆ ನುಣ್ಣಗೆ ಸವರಿದರೆ ಕಾವಲೇ ಹೋಯಿತು. ಗೇಣುದ್ದ ಮೋಟು ಬಿಟ್ಟರೂ ತಪ್ಪು. ಅದು ಒಣಗಿ ಕೊಳೆತಕ್ಕೆ ದಾರಿಯಾಗುತ್ತದೆ. ಉಬ್ಬಿನ ಹೊರಗೆ, ಅದಕ್ಕೆ ತಾಗದಂತೆ ಕುಯ್ಯಬೇಕು. ಮೋಟು ಭಾರವಾಗಿದ್ದರೆ ಮೊದಲು ಮೊಳದಾಚೆ ಕೆಳಗಿನಿಂದ ಒಂದು ಗೀರು ಹಾಕಿ, ಆಮೇಲೆ ಮೇಲಿಂದ ಕುಯ್ದು ಭಾರ ಇಳಿಸಿ. ಇಲ್ಲದಿದ್ದರೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಕೊಡಲಿಯಂತೂ ಬೇಡವೇ ಬೇಡ.

ಪೊಟರೆಗೆ ಸಿಮೆಂಟು ತುಂಬುವವರೂ ಇದ್ದಾರೆ. ನನಗೆ ಡಾಂಬರಿಗಿಂತ ಇವರದೇ ಹೆಚ್ಚು ಭಯ. ತುಂಬುವ ಮೊದಲು ‘ಸ್ವಚ್ಛ’ ಮಾಡಲೆಂದು ಒಳಗೆಲ್ಲ ಉಳಿಯಿಂದ ಕೆರೆಯುತ್ತಾರೆ. ಮರ ವರ್ಷಗಟ್ಟಲೆ ಕಟ್ಟಿಕೊಂಡ ನಾಲ್ಕನೇ ಬದು ಅಲ್ಲೇ ಒಡೆಯುತ್ತದೆ.