ರಿಟರ್ನ್ ಲೋಡು

ಹನ್ನೆರಡು ಎಂಎಂ ಕಂಬಿ ಮೀಟರಿಗೆ ಎಷ್ಟು ತೂಗುತ್ತದೆ ಎಂದು ನವಿ ಮುಂಬಯಿಯ ಕಳಂಬೋಲಿಯ ಲೋಖಂಡ್ ಬಾಜಾರಿನಲ್ಲಿ, ಅಂದರೆ ಕಬ್ಬಿಣದ ಮಾರುಕಟ್ಟೆಯಲ್ಲಿ, ಕೇಳಿ ನೋಡಿ. ಗುಮಾಸ್ತ ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ. 12ನ್ನು 12ರಿಂದ ಗುಣಿಸಿ 162ರಿಂದ ಭಾಗಿಸುವ ಲೆಕ್ಕ ಅವನ ನಾಲಿಗೆಯ ಮೇಲೇ ಇದೆ: 888 ಗ್ರಾಂ. ಆದರೆ ಅದು ಪುಸ್ತಕದ ತೂಕ. ಈ ಗಾತ್ರದ ಕಂಬಿ ಶೇ 5ರಷ್ಟು ಆಚೀಚೆ ಆಗಬಹುದೆಂದು ಭಾರತೀಯ ಮಾನಕವೇ ಒಪ್ಪುತ್ತದೆ. ವ್ಯಾಪಾರವಿರುವುದು ಆ ಆಚೀಚೆಯಲ್ಲಿ. ಗುತ್ತಿಗೆದಾರ ಕೊಳ್ಳುವುದು ಟನ್ನಿನ ಲೆಕ್ಕದಲ್ಲಿ, ಕಟ್ಟಡ ನುಂಗುವುದು ಮೀಟರಿನ ಲೆಕ್ಕದಲ್ಲಿ. ಪುಸ್ತಕದ ತೂಕವಿದ್ದರೆ 12 ಮೀಟರಿನ ಕಂಬಿ ಟನ್ನಿಗೆ ಸುಮಾರು 94 ಬರುತ್ತವೆ. ಶೇ 5 ಹಗುರವಾದರೆ 98 ದಾಟುತ್ತವೆ. ಹಾಗಾಗಿ ತೂಕಕ್ಕೆ ಕೊಳ್ಳುವವನು ಹಗುರ ಮಾಲು ಹುಡುಕುತ್ತಾನೆ, ನಗಕ್ಕೆ ಕೊಳ್ಳುವವನು ಭಾರದ್ದು. ಗೋದಾಮು ಒಂದೇ.

ಖಾರ್ಘರಿನ ಕಾಲೇಜೊಂದರಲ್ಲಿ ಎಂಬಿಎ ಓದುತ್ತಿರುವ ನನ್ನ ಸೋದರಳಿಯ ಇದನ್ನೆಲ್ಲ ಕೇಳಿಸಿಕೊಂಡು ನೋಟ್‌ಬುಕ್ಕಿನಲ್ಲಿ ‘ಪ್ರೈಸಿಂಗ್ ಸ್ಟ್ರಾಟೆಜಿ’ ಎಂದು ಬರೆದ. ಗುಮಾಸ್ತ ಇಣುಕಿ ನೋಡಿ ನಕ್ಕ. “ಸ್ಟ್ರಾಟೆಜಿಯೂ ಇಲ್ಲ ಗಿಟ್ರಾಟೆಜಿಯೂ ಇಲ್ಲ ಭಾಯಿ, ಎಲ್ಲ ಕಾಟಾ.” ಕಾಟಾ ಅಂದರೆ ಲಾರಿ ತೂಗುವ ವೇ ಬ್ರಿಜ್.

ಮುಂಬಯಿಯ ಕಾರ್ನಾಕ್ ಬಂದರಿನ ಗಲ್ಲಿಗಳಲ್ಲಿ ಉಸಿರುಗಟ್ಟಿದ್ದ ಕಬ್ಬಿಣದ ವ್ಯಾಪಾರವನ್ನು ನಗರ ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೋ ಇಲ್ಲಿಗೆ ತಂದಿತು. ಪುಣೆ, ಗೋವಾ, ಜೆಎನ್‌ಪಿಟಿ ಬಂದರು, ಎಲ್ಲ ಕಡೆಯ ದಾರಿಗಳೂ ಇಲ್ಲೇ ಆಸುಪಾಸಿನಲ್ಲಿ ಕವಲೊಡೆಯುತ್ತವೆ. ಪುಣೆಯ ಎಕ್ಸ್‌ಪ್ರೆಸ್‌ವೇ ಶುರುವಾಗುವುದೂ ಇಲ್ಲಿಂದಲೇ. ಹೊರೆ ಎತ್ತುವವರು ಮಾಥಾಡಿಗಳು. 1969ರ ಕಾನೂನಿನ ಪ್ರಕಾರ ಅವರ ಕೂಲಿ ಮಾಲೀಕನ ಕೈಯಿಂದ ನೇರ ಬರುವುದಿಲ್ಲ, ಮಾಥಾಡಿ ಮಂಡಳಿಯ ಮೂಲಕ ಬರುತ್ತದೆ. ಒಂದು ಸೆಮಿಸ್ಟರಿಗೆ ಸಾಕಾಗುವಷ್ಟು ಪಾಠ ಈ ಒಂದು ಬಾಜಾರಿನಲ್ಲೇ ಇದೆ.

ಅಂಗಡಿಯನ್ನು ತರಗತಿಗೆ ಒಯ್ಯುವ ಕಸುಬಿಗೆ ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಕೇಸ್ ಬರೆಯುವುದು ಎನ್ನುತ್ತಾರೆ. ಹಾರ್ವರ್ಡ್‌ನಲ್ಲಿ ಇಂಥ ಮೊದಲ ಕೇಸ್ ಬರೆದದ್ದು 1921ರಲ್ಲಿ, ಒಂದು ಶೂ ಕಂಪನಿಯ ಮೇಲೆ. 1961ರಲ್ಲಿ ಅಹಮದಾಬಾದಿನ ಐಐಎಂ ಹುಟ್ಟಿದಾಗ ಹಾರ್ವರ್ಡಿನ ನೆರವಿನೊಂದಿಗೆ ಈ ಪದ್ಧತಿಯೂ ಬಂತು. ಒಳ್ಳೆಯ ಕೇಸಿನಲ್ಲಿ ಉತ್ತರ ಇರುವುದಿಲ್ಲ. ಮಾಲೀಕ ಒಂದು ತೀರ್ಮಾನದ ಹೊಸ್ತಿಲಲ್ಲಿ ನಿಂತಿರುತ್ತಾನೆ, ಕತೆ ಅಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ಹುಡುಗರು ಕಿತ್ತಾಡಿ ಹೇಳಬೇಕು. ಬರೆಯುವವರು ವಾರಗಟ್ಟಲೆ ಗಲ್ಲಾದ ಪಕ್ಕ ಕೂರಬೇಕು, ಬಿಲ್ಲು ನೋಡಬೇಕು. ಕೊನೆಗೆ ಕಂಪನಿಯ ಒಪ್ಪಿಗೆಯ ಸಹಿ ಬೇಕು. ನನಗೆ ಅನುಮಾನ ಬರುವುದು ಈ ಸಹಿಯ ಹತ್ತಿರವೇ. ಉದ್ರಿ ಕೊಟ್ಟು ಮುಳುಗಿದ ಕತೆಗೆ ಯಾವ ಸೇಠ್ ಸಹಿ ಹಾಕಿಯಾನು?

ಇನ್ನೊಂದು ತಕರಾರೂ ಇದೆ. ಮುಂಬಯಿಯ ಡಬ್ಬಾವಾಲಾಗಳ ಮೇಲೆ ಹಾರ್ವರ್ಡ್ 2010ರಲ್ಲಿ ಕೇಸ್ ಪ್ರಕಟಿಸಿತು. ದೊಡ್ಡ ದೊಡ್ಡ ಸಭೆಗಳು ಅವರನ್ನು ಕರೆದು ಭಾಷಣ ಮಾಡಿಸಿದವು. ಒಳ್ಳೆಯದೇ. ಆದರೆ 2020ರಲ್ಲಿ ಲೋಕಲ್ ನಿಂತು, ಕಚೇರಿಗಳು ಮುಚ್ಚಿ, ಡಬ್ಬಾ ಕೇಳುವವರೇ ಇಲ್ಲವಾದಾಗ ಆ ಕೀರ್ತಿ ಅವರ ಒಲೆ ಹೊತ್ತಿಸಲಿಲ್ಲ. ಲಾರಿಯವರ ಮಾತಿನಲ್ಲಿ ಹೇಳುವುದಾದರೆ, ಕತೆ ತರಗತಿಗೆ ಹೋಗುವಾಗ ಫುಲ್ ಲೋಡು, ಅಲ್ಲಿಂದ ವಾಪಸು ಬರುವಾಗ ಖಾಲಿ.

ವಾಪಸು ಲೋಡು ತರಲು ಹೊರಟವರಲ್ಲಿ ನನಗೆ ಮೊದಲು ನೆನಪಾಗುವವರು ಎನ್.ಎಸ್. ರಾಮಸ್ವಾಮಿ. ಪೊವಾಯಿಯ ನೈಟಿ, ಅಂದರೆ 2023ರಲ್ಲಿ ಐಐಎಂ ಮುಂಬಯಿ ಆದ ಸಂಸ್ಥೆಯನ್ನು ನಡೆಸಿದವರು. ಬೆಂಗಳೂರಿನ ಐಐಎಂಗೆ ಮೊದಲ ನಿರ್ದೇಶಕರು. ಕಂಪನಿಗಳ ಮ್ಯಾನೇಜರುಗಳನ್ನು ತಯಾರಿಸಬೇಕಾದ ಸಂಸ್ಥೆಯಲ್ಲಿ ಕೂತು ಅವರು ಕೈಗೆತ್ತಿಕೊಂಡದ್ದು ಎತ್ತಿನ ಗಾಡಿಯನ್ನು. ದೇಶದಲ್ಲಿ ಆಗ ಗಾಡಿಗಳು ಕೋಟಿಗೂ ಮಿಕ್ಕಿ ಇದ್ದವು. ನೊಗ ಒತ್ತಿ ಹೆಗಲು ಹುಣ್ಣಾಗುವುದು, ಕಬ್ಬಿಣದ ಪಟ್ಟಿಯ ಚಕ್ರ ರಸ್ತೆಯನ್ನು ಕೊರೆಯುವುದು, ಅಚ್ಚಿನ ತಿಕ್ಕಾಟದಲ್ಲೇ ಎತ್ತಿನ ಶಕ್ತಿ ಸೋರಿಹೋಗುವುದು, ಇದೆಲ್ಲ ಅವರಿಗೆ ಸಂಶೋಧನೆಯ ವಿಷಯವಾಯಿತು. ಬೇರಿಂಗ್, ಗಾಳಿ ಟೈರು, ಹೊಸ ನೊಗ ಎಂದು ಅವರು ದಶಕಗಳ ಕಾಲ ವಾದಿಸಿದರು. ಅದಕ್ಕೆಂದೇ ಕಾರ್ಟ್‌ಮನ್ ಎಂಬ ಸಂಸ್ಥೆ ಕಟ್ಟಿದರು. ನಕ್ಕವರು ಕಮ್ಮಿಯಿರಲಿಕ್ಕಿಲ್ಲ. ಗಾಡಿಗಳೆಲ್ಲ ಅವರು ಬಯಸಿದಂತೆ ಬದಲಾಗಲೂ ಇಲ್ಲ. ರೈತನಿಗೆ ಹೊಸ ಚಕ್ರಕ್ಕಿಂತ ಮೊದಲು ಬೇಕಾದದ್ದು ಅದಕ್ಕೆ ದುಡ್ಡು. ಆದರೂ, ಗಾಡಿ ಹೊಡೆಯುವವನಿಗೆ ಏನು ಬೇಕು ಎಂದು ಹೊರಟ ಆ ಅಧ್ಯಯನವನ್ನು ನಾನು ಹತ್ತು ಪ್ರಬಂಧಗಳಿಗಿಂತ ಮೇಲೆ ಇಡುತ್ತೇನೆ.

ಬಾಜಾರಿನಿಂದ ಹೊರಬಂದು ಚಹಾ ಕುಡಿಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಹೊಸಪೇಟೆಯ ಡ್ರೈವರ್ ಒಬ್ಬ ಸಿಕ್ಕ. ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್ ತಂದು ಇಳಿಸಿದ್ದ. ರಿಟರ್ನ್ ಲೋಡಿಗೆ ಕಾದು ಎರಡು ದಿನವಾಗಿತ್ತು. “ಓಡಿಸೋದು ಏನೂ ದೊಡ್ಡದಲ್ಲ ಸರ್, ಕಾಯೋದೇ ಕಷ್ಟ. ಕಾಟಾದ ಮುಂದೆ ಕಾಯಬೇಕು, ಕ್ರೇನಿಗೆ ಕಾಯಬೇಕು, ಲೋಡಿಗೆ ಕಾಯಬೇಕು.”

ಸೋದರಳಿಯ ಮತ್ತೆ ಗುಮಾಸ್ತನ ಹತ್ತಿರ ಹೋಗಿ, ಬಾಜಾರಿನ ಮೇಲೆ ತಾನು ಕಾಲೇಜಿಗೆ ಬರೆಯುತ್ತಿರುವ ರಿಪೋರ್ಟ್ ಮುಗಿದ ಮೇಲೆ ಒಂದು ಪ್ರತಿ ಕಳಿಸಲೇ ಎಂದು ಕೇಳಿದ. ಆತ ಕೈಯಾಡಿಸಿದ. “ಅಷ್ಟುದ್ದದ್ದು ಯಾರು ಓದ್ತಾರೆ? ಯಾವ ಹೊತ್ತಿನಲ್ಲಿ ಕಾಟಾ ಖಾಲಿ ಇರುತ್ತೆ, ಅಷ್ಟು ಒಂದು ಕಾಗದದಲ್ಲಿ ಬರೆದುಕೊಡು. ಗೋಡೆಗೆ ಅಂಟಿಸ್ತೀನಿ.”

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಸೋದರಳಿಯನ ಫೋನು. “ಮಾಮ, ಕಾಟಾದ ಹತ್ತಿರ ಇದ್ದೀನಿ. ಈಗಾಗಲೇ ಹದಿನೇಳು ಲಾರಿ.”